ಥೈರಾಯ್ಡ್ ಮಾತ್ರೆಯ ಪ್ರಮಾಣ ಮತ್ತು ರಕ್ತಪರೀಕ್ಷೆಯ ವರದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಥೈರಾಯ್ಡ್ ಗ್ರಂಥಿಯ ಕೊರತೆಗಾಗಿ, ಅಂದರೆ ಹೈಪೋಥೈರಾಯ್ಡಿಸಂಗಾಗಿ, ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆಗೆ ಕೊಡುವ ಔಷಧಗಳ ವಿಚಾರ ಇಲ್ಲಿಲ್ಲ. ಇಲ್ಲಿ ಕೊಟ್ಟಿರುವ ಅಂಕಿಗಳು ನಿಮ್ಮ ವರದಿಯನ್ನು ನೀವು ಅರ್ಥ ಮಾಡಿಕೊಳ್ಳಲು ಮತ್ತು ವೈದ್ಯರನ್ನು ಸರಿಯಾದ ಪ್ರಶ್ನೆ ಕೇಳಲು ನೆರವಾಗುತ್ತವೆ. ಇವುಗಳ ಆಧಾರದ ಮೇಲೆ ಮಾತ್ರೆಯನ್ನು ತಾವಾಗಿಯೇ ಹೆಚ್ಚಿಸುವುದಾಗಲಿ ಕಡಿಮೆ ಮಾಡುವುದಾಗಲಿ ಬೇಡ.

ಪ್ರಶ್ನೆ: ವರದಿಯಲ್ಲಿ ಟಿಎಸ್‌ಎಚ್ ಜಾಸ್ತಿ ಎಂದು ಬಂದಿದೆ. ಹಾಗಾದರೆ ಮಾತ್ರೆ ಹೆಚ್ಚಾಗಿದೆ, ಕಡಿಮೆ ಮಾಡಬೇಕು ಎಂದಲ್ಲವೇ?

ಅಲ್ಲ, ಅದರ ಅರ್ಥ ತದ್ವಿರುದ್ಧ. ಟಿಎಸ್‌ಎಚ್ ಎಂಬುದು ಥೈರಾಯ್ಡ್ ಗ್ರಂಥಿಯ ಹಾರ್ಮೋನೇ ಅಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಆಜ್ಞೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಲದೆ ಬಂದಾಗ ಪಿಟ್ಯುಟರಿಯು ಇನ್ನಷ್ಟು ಬೇಕೆಂದು ಟಿಎಸ್‌ಎಚ್ ಅನ್ನು ಏರಿಸುತ್ತದೆ. ಹಾರ್ಮೋನು ಸಾಕಷ್ಟಿದ್ದರೆ ಇಳಿಸುತ್ತದೆ. ಆದ್ದರಿಂದ ಟಿಎಸ್‌ಎಚ್ ಏರಿದೆ ಎಂದರೆ ಹಾರ್ಮೋನು ಸಾಲುತ್ತಿಲ್ಲವೆಂದೂ, ತೀರಾ ಇಳಿದಿದೆ ಎಂದರೆ ಹಾರ್ಮೋನು ಮಿತಿಮೀರಿದೆಯೆಂದೂ ಸಾಮಾನ್ಯವಾಗಿ ತಿಳಿಯಬೇಕು. ನಮ್ಮಲ್ಲಿ “ಥೈರಾಯ್ಡ್ ಜಾಸ್ತಿಯಾಗಿದೆ” ಎಂಬ ಒಂದೇ ಮಾತನ್ನು ಎರಡಕ್ಕೂ ಬಳಸುವುದರಿಂದ, ಮಾತ್ರೆ ಹೆಚ್ಚಿಸಬೇಕಾಗಿದ್ದವರು ಅದನ್ನು ನಿಲ್ಲಿಸಿಬಿಡುವ ಅಪಾಯವಿದೆ. ವೈದ್ಯರೊಂದಿಗೆ ಮಾತನಾಡುವಾಗ ದಯವಿಟ್ಟು ಟಿಎಸ್‌ಎಚ್ ಸಂಖ್ಯೆಯನ್ನೇ ಹೇಳಿ.

ಗರ್ಭಿಣಿಯರಲ್ಲದ ವಯಸ್ಕರಿಗೆ ಲೀಟರಿಗೆ ಸುಮಾರು 0.4ರಿಂದ 4 ಮಿಲಿ ಯೂನಿಟ್‌ಗಳಷ್ಟು ಟಿಎಸ್‌ಎಚ್ ಸಹಜವೆಂದು ಪರಿಗಣಿಸಲಾಗುತ್ತದೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ತುಸು ಬದಲಾಗುವುದರಿಂದ ವರದಿಯ ಪಕ್ಕದಲ್ಲೇ ಮುದ್ರಿಸಿರುವ ಮಿತಿಯನ್ನು ನೋಡಬೇಕು. ಇನ್ನೊಂದು ಸಂಗತಿಯನ್ನು ನೆನಪಿಟ್ಟರೆ ಅನಗತ್ಯ ಗಾಬರಿ ತಪ್ಪುತ್ತದೆ: ರಕ್ತದ ಫ್ರೀ ಟಿ4, ಅಂದರೆ ದೇಹದ ಬಳಕೆಗೆ ಸಿದ್ಧವಾಗಿರುವ ಥೈರಾಯ್ಡ್ ಹಾರ್ಮೋನು, ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಸುಮಾರು ನೂರು ಪಟ್ಟು ಏರಬಲ್ಲದು. ಹಾರ್ಮೋನಿನ ಅತಿ ಸಣ್ಣ ಏರುಪೇರನ್ನೂ ಅದು ದೊಡ್ಡದು ಮಾಡಿ ತೋರಿಸುತ್ತದೆ. ಕಳೆದ ಬಾರಿ 2.1 ಇದ್ದದ್ದು ಈ ಬಾರಿ 3.2 ಆಗಿದ್ದರೆ ಕಾಯಿಲೆ ಒಂದೂವರೆ ಪಟ್ಟು ಬೆಳೆದಿದೆ ಎಂದು ಅರ್ಥವಲ್ಲ. ಅಷ್ಟು ವ್ಯತ್ಯಾಸ ಆರೋಗ್ಯವಂತರಲ್ಲೂ ದಿನದಿಂದ ದಿನಕ್ಕೆ ಕಾಣುತ್ತದೆ.

ಪ್ರಶ್ನೆ: ಪ್ರಮಾಣ ಬದಲಿಸಿದ ಮೇಲೆ ಆರೆಂಟು ವಾರ ಕಾಯಬೇಕು ಎನ್ನುತ್ತಾರೆ. ಎರಡು ವಾರಕ್ಕೇ ಪರೀಕ್ಷೆ ಮಾಡಿಸಿದರೆ ಏನು ತಪ್ಪು?

ಲೆವೊಥೈರಾಕ್ಸಿನ್ ಬಹಳ ನಿಧಾನವಾಗಿ ಕೆಲಸ ಮಾಡುವ ಔಷಧ. ಇಂದು ತೆಗೆದುಕೊಂಡದ್ದರಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು 7 ದಿನ ಬೇಕು. ಹೊಸ ಪ್ರಮಾಣ ಆರಂಭಿಸಿದ ಒಂದು ವಾರಕ್ಕೆ ರಕ್ತದ ಮಟ್ಟವು ತಲುಪಬೇಕಾದ ಜಾಗದ ಅರ್ಧ ದಾರಿಯಲ್ಲಿರುತ್ತದೆ, ಎರಡು ವಾರಕ್ಕೆ ಮುಕ್ಕಾಲು ದಾರಿಯಲ್ಲಿರುತ್ತದೆ, ಐದು ವಾರ ಕಳೆದ ಮೇಲಷ್ಟೇ ಹೆಚ್ಚುಕಡಿಮೆ ಪೂರ್ತಿ ತಲುಪುತ್ತದೆ. ಪಿಟ್ಯುಟರಿಯು ಆ ಬದಲಾವಣೆಗೆ ಹೊಂದಿಕೊಳ್ಳಲು ಇನ್ನೂ ಸ್ವಲ್ಪ ಕಾಲ ಹಿಡಿಯುತ್ತದೆ. ಎರಡು ವಾರದ ವರದಿಯನ್ನು ನಂಬಿ ಮಾತ್ರೆ ಏರಿಸಿದರೆ, ಮೊದಲಿನ ಏರಿಕೆಯ ಫಲ ಬರುವಷ್ಟರಲ್ಲಿ ಎರಡನೆಯದೂ ಸೇರಿ ಮಿತಿ ಮೀರುತ್ತದೆ. ಆಮೇಲೆ ಇಳಿಸಬೇಕು, ಮತ್ತೆ ಏರಿಸಬೇಕು. ವರ್ಷಗಟ್ಟಲೆ ಮಾತ್ರೆ “ಸೆಟ್ ಆಗದೆ” ಒದ್ದಾಡುವ ಅನೇಕರ ಕಡತದಲ್ಲಿ ಈ ಅವಸರವೇ ಕಾಣುತ್ತದೆ. ಪ್ರಮಾಣ ಒಮ್ಮೆ ನೆಲೆಗೊಂಡ ಮೇಲೆ 6ರಿಂದ 12 ತಿಂಗಳಿಗೊಂದು ಪರೀಕ್ಷೆ ಸಾಕು.

ಮೈಗೆ ಅನುಭವವಾಗುವ ಸುಧಾರಣೆ ಎರಡು ಮೂರು ವಾರಗಳಲ್ಲಿ ಶುರುವಾಗಬಹುದು. ಕೂದಲು ಮತ್ತು ಚರ್ಮ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ಪ್ರಶ್ನೆ: ನನಗೆ 100, ನನ್ನ ತಂಗಿಗೆ 50, ಅತ್ತೆಗೆ 25. ಪ್ರಮಾಣವನ್ನು ಯಾವುದರ ಮೇಲೆ ನಿರ್ಧರಿಸುತ್ತಾರೆ?

ಗ್ರಂಥಿ ಬಹುತೇಕ ನಿಷ್ಕ್ರಿಯವಾಗಿರುವ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆದಿರುವ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. 60 ಕಿಲೋ ತೂಗುವವರಿಗೆ ಅದು ಹತ್ತಿರಹತ್ತಿರ 100 ಮೈಕ್ರೋಗ್ರಾಂ. ಗ್ರಂಥಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ 25 ಅಥವಾ 50 ಸಾಕಾಗಬಹುದು. ವಯಸ್ಸಾದವರಿಗೆ ಮತ್ತು ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ, ಏಕೆಂದರೆ ಹಾರ್ಮೋನು ಒಮ್ಮೆಲೇ ಏರಿದರೆ ಹೃದಯಕ್ಕೆ ಆಯಾಸವಾಗುತ್ತದೆ. ಹೆಚ್ಚು ಮೈಕ್ರೋಗ್ರಾಂ ಎಂದರೆ ಹೆಚ್ಚು ಗಂಭೀರ ಕಾಯಿಲೆ ಎಂದು ಎಣಿಸಿ ಕುಗ್ಗಬೇಕಾಗಿಲ್ಲ.

ಒಂದು ಎಚ್ಚರಿಕೆ: ಅಂಗಡಿಯಲ್ಲಿ 12.5 ಮತ್ತು 125 ಎರಡೂ ಸಿಗುತ್ತವೆ. ಚುಕ್ಕಿಯೊಂದು ಕಣ್ತಪ್ಪಿದರೆ ಪ್ರಮಾಣ ಹತ್ತು ಪಟ್ಟಾಗುತ್ತದೆ. ಡಬ್ಬಿ ಕೈಗೆ ಬಂದ ಕೂಡಲೇ ಚೀಟಿಯ ಪಕ್ಕದಲ್ಲಿಟ್ಟು ಓದಿ. ಕಣ್ಣು ಮಂಜಾದ ಹಿರಿಯರಿಗೆ ಮನೆಯಲ್ಲಿ ಯಾರಾದರೂ ಓದಿ ಹೇಳಿ. ವಿದೇಶದಲ್ಲಿರುವವರು ಡಬ್ಬಿಯ ಮೇಲೆ ಮಿಲಿಗ್ರಾಂ ಲೆಕ್ಕವನ್ನೂ ನೋಡಬಹುದು; 0.05 ಮಿಲಿಗ್ರಾಂ ಎಂದರೆ ನಮ್ಮ 50 ಮೈಕ್ರೋಗ್ರಾಂ. ಫ್ರೀ ಟಿ4 ವರದಿಯಲ್ಲೂ ಇಂಥದೇ ಗೊಂದಲವಿದೆ: ಭಾರತದಲ್ಲಿ ಹೆಚ್ಚಾಗಿ ಡೆಸಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಹಲವು ದೇಶಗಳಲ್ಲಿ ಲೀಟರಿಗೆ ಪಿಕೋಮೋಲ್ ಲೆಕ್ಕದಲ್ಲಿ ಕೊಡುತ್ತಾರೆ. ಮೊದಲನೆಯದನ್ನು 12.87ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಊರಲ್ಲಿ 1.2 ಇದ್ದದ್ದು ಅಲ್ಲಿ 15 ಆಯಿತೆಂದು ಹೆದರಬೇಡಿ, ಎರಡೂ ಒಂದೇ.

ಪ್ರಶ್ನೆ: ಬರಿಹೊಟ್ಟೆಯಲ್ಲಿ ಎಂದರೆ ನಿಖರವಾಗಿ ಏನು? ಕಾಫಿ ಕುಡಿಯಬಹುದೇ?

ಮಾತ್ರೆಯನ್ನು ಬರೀ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಿದ್ದರೆ ಒಂದು ಗಂಟೆ, ಏನನ್ನೂ ತೆಗೆದುಕೊಳ್ಳದೆ ಇರಬೇಕು ಎಂದರ್ಥ. ಕಾಫಿಯೂ ಆ “ಏನನ್ನೂ” ಎಂಬುದರೊಳಗೆ ಸೇರುತ್ತದೆ. ಕಾಫಿಯು ಮಾತ್ರೆಯು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ ಎಂಬುದು ಪರೀಕ್ಷಿಸಿ ಕಂಡುಕೊಂಡ ಸಂಗತಿ. ನಮ್ಮ ಮನೆಗಳಲ್ಲಿ ಎದ್ದ ಕೂಡಲೇ ಫಿಲ್ಟರ್ ಕಾಫಿ, ಇಲ್ಲವೇ ರಾಗಿ ಗಂಜಿ, ಇಲ್ಲವೇ ನೆನೆಸಿದ ಮೆಂತ್ಯ, ಇಲ್ಲವೇ ಕಷಾಯ ಎಂಬ ರೂಢಿ ಇದೆ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ, ರಾಗಿಯಂತೂ ಸುಣ್ಣದಂಶ ಮತ್ತು ನಾರಿನಂಶ ತುಂಬಿದ ಒಳ್ಳೆಯ ಧಾನ್ಯ. ಆದರೆ ಸುಣ್ಣದಂಶ ಮತ್ತು ನಾರಿನಂಶಗಳೇ ಈ ಮಾತ್ರೆಗೆ ಅಡ್ಡ ಬರುವುದರಿಂದ ನಡುವೆ ಒಂದು ಗಂಟೆಯ ಅಂತರ ಕೊಡಬೇಕು. ರಾಗಿ ಬಿಡಬೇಕಾಗಿಲ್ಲ, ಮಾತ್ರೆಯ ಹತ್ತಿರ ತರದಿದ್ದರಾಯಿತು.

ಬೆಳಿಗ್ಗೆ ಐದಕ್ಕೆದ್ದು ಹಾಲು ಕರೆದು, ಮಕ್ಕಳ ಬುತ್ತಿ ಕಟ್ಟಿ, ಬಸ್ಸಿಗೆ ಓಡುವವರಿಗೆ ಈ ಒಂದು ಗಂಟೆ ಹೊಂದಿಸುವುದು ಸುಲಭವಲ್ಲ. ಅಂಥವರು ರಾತ್ರಿ ಊಟವಾಗಿ ಮೂರು ಗಂಟೆಯಾದ ಮೇಲೆ, ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ, ಬೆಳಗಿನ ನಿಯಮವನ್ನು ವಾರಕ್ಕೆ ಮೂರು ದಿನ ಪಾಲಿಸುವುದಕ್ಕಿಂತ ರಾತ್ರಿಯ ಹೊತ್ತನ್ನು ಏಳೂ ದಿನ ಪಾಲಿಸುವುದು ಎಷ್ಟೋ ಮೇಲು. ಹೊತ್ತು ಬದಲಿಸಿದರೆ ವೈದ್ಯರಿಗೆ ತಿಳಿಸಿ, ಆರೆಂಟು ವಾರದ ನಂತರ ಟಿಎಸ್‌ಎಚ್ ನೋಡಿಸಿ. ಏಕಾದಶಿ ಉಪವಾಸದಲ್ಲಿ ನೀರಿನೊಂದಿಗೆ ಮಾತ್ರೆ ತೆಗೆದುಕೊಳ್ಳಲು ಅಡ್ಡಿಯಿಲ್ಲ. ರಂಜಾನ್ ತಿಂಗಳಲ್ಲಿ ಸಹರಿಗೆ ಸಾಕಷ್ಟು ಮುಂಚೆ, ಅಥವಾ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ತೆಗೆದುಕೊಳ್ಳಬಹುದು.

ಪ್ರಶ್ನೆ: ಬೇರೆ ಯಾವ ಔಷಧಗಳೊಂದಿಗೆ ಅಂತರ ಬೇಕು?

ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಖನಿಜಾಂಶವಿರುವ ಮಲ್ಟಿವಿಟಮಿನ್ ಮತ್ತು ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗಳಿಗೂ ಇದೇ ನಿಯಮ. ಗ್ಯಾಸ್ಟ್ರಿಕ್‌ಗೆಂದು ದಿನವೂ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳು ಹೊಟ್ಟೆಯ ಆಮ್ಲವನ್ನೇ ಕಡಿಮೆ ಮಾಡುವುದರಿಂದ ಅಂತರ ಕೊಟ್ಟರೂ ಸ್ವಲ್ಪ ಪರಿಣಾಮ ಉಳಿಯುತ್ತದೆ. ಅವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಲೇಬೇಕು. ಕ್ಷಯರೋಗದ ಚಿಕಿತ್ಸೆಯಲ್ಲಿನ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಔಷಧಗಳು ಹಾರ್ಮೋನನ್ನು ಬೇಗ ಕರಗಿಸುವುದರಿಂದ ಥೈರಾಯ್ಡ್ ಮಾತ್ರೆಯ ಅಗತ್ಯ ಹೆಚ್ಚಬಹುದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳಿಂದಲೂ ಹಾಗಾಗುವುದುಂಟು.

ಪ್ರಶ್ನೆ: ಎರಡು ವರ್ಷ ಸರಿಯಾಗಿದ್ದ ಟಿಎಸ್‌ಎಚ್ ಈಗ 9ಕ್ಕೆ ಏರಿದೆ. ಮಾತ್ರೆ ಹೆಚ್ಚಿಸಬೇಕಲ್ಲವೇ?

ಹೆಚ್ಚಿಸಬೇಕಾಗಬಹುದು. ಆದರೆ ಅದಕ್ಕೂ ಮೊದಲು ಮಾತ್ರೆ ಹೊಟ್ಟೆಗೆ ಹೇಗೆ ಹೋಗುತ್ತಿದೆ ಎಂದು ವಿಚಾರಿಸಬೇಕು. ನಾನು ಈ ಪ್ರಶ್ನೋತ್ತರಗಳನ್ನು ಬರೆಯಲು ಕುಳಿತದ್ದೇ ಈ ಒಂದು ಮಾತಿಗಾಗಿ. ಕಳೆದ ಎರಡು ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಪ್ಪಿತು? ಮದುವೆ, ಜಾತ್ರೆ, ಪ್ರವಾಸಗಳಲ್ಲಿ ಡಬ್ಬಿ ಮನೆಯಲ್ಲೇ ಉಳಿಯಿತೇ? ಬೇರೆ ಕಂಪನಿಯ ಮಾತ್ರೆ ಕೊಟ್ಟರೇ? ರಕ್ತಹೀನತೆಗೆಂದು ಅಥವಾ ಮೂಳೆಗೆಂದು ಹೊಸ ಮಾತ್ರೆ ಶುರುವಾಯಿತೇ? ತೂಕ ಗಣನೀಯವಾಗಿ ಏರಿತೇ? ಮುಟ್ಟು ತಪ್ಪಿ ಗರ್ಭಿಣಿಯಾಗಿರಬಹುದೇ? ಈ ಬಾರಿ ಬೇರೆ ಪ್ರಯೋಗಾಲಯದಲ್ಲಿ ರಕ್ತ ಕೊಟ್ಟಿರಾ? ತೀವ್ರ ಜ್ವರದಿಂದ ಈಗಷ್ಟೇ ಎದ್ದಿದ್ದೀರಾ? ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರುವುದು ಸಹಜ, ಆಗ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುವುದೇ ಸರಿ.

ಟಿಎಸ್‌ಎಚ್ ಏರಿದ್ದರೂ ಫ್ರೀ ಟಿ4 ಸಹಜ ಮಿತಿಯ ಮೇಲ್ತುದಿಯಲ್ಲಿ ಅಥವಾ ಅದನ್ನೂ ಮೀರಿ ಇದ್ದರೆ, ವಾರಗಟ್ಟಲೆ ಮಾತ್ರೆ ಬಿಟ್ಟು ಪರೀಕ್ಷೆಗೆ ನಾಲ್ಕೈದು ದಿನ ಮುಂಚೆ ಮತ್ತೆ ಆರಂಭಿಸಿರುವ ಸಾಧ್ಯತೆ ಮೊದಲು ನೆನಪಾಗಬೇಕು. ಬೈಯುತ್ತಾರೆಂಬ ಭಯದಿಂದ ಇದನ್ನು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ಪ್ರಮಾಣ ಅನಗತ್ಯವಾಗಿ ಏರುತ್ತದೆ. ಮುಂದೆ ಅದನ್ನು ಕ್ರಮವಾಗಿ ತೆಗೆದುಕೊಳ್ಳಲಾರಂಭಿಸಿದ ದಿನದಿಂದ ಎದೆಬಡಿತ, ಬೆವರು, ಕೈನಡುಕ ಶುರುವಾಗುತ್ತವೆ. ಮಾತ್ರೆ ಮರೆತದ್ದು ಅಪರಾಧವಲ್ಲ, ಅದು ವೈದ್ಯರಿಗೆ ಬೇಕಾದ ಮಾಹಿತಿ. ಎಲ್ಲವೂ ಕ್ರಮವಾಗಿದ್ದೂ ಪ್ರಮಾಣ ಏರುತ್ತಲೇ ಹೋದರೆ ಹೊಟ್ಟೆ ಮತ್ತು ಕರುಳಿನ ಹೀರಿಕೊಳ್ಳುವ ಶಕ್ತಿಯನ್ನು ಪರೀಕ್ಷಿಸಬೇಕಾಗುತ್ತದೆ.

ಪ್ರಶ್ನೆ: ಪರೀಕ್ಷೆಯ ದಿನ ಮಾತ್ರೆ ತೆಗೆದುಕೊಂಡು ಹೋಗಬೇಕೇ?

ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಮಾತ್ರೆ ನುಂಗಿದ ಎರಡರಿಂದ ನಾಲ್ಕು ಗಂಟೆಗಳಲ್ಲಿ ಫ್ರೀ ಟಿ4 ತಾತ್ಕಾಲಿಕವಾಗಿ ಏರುವುದರಿಂದ ವರದಿ ದಾರಿ ತಪ್ಪಿಸಬಹುದು. ಟಿಎಸ್‌ಎಚ್‌ಗೆ ಇದರಿಂದ ತೊಂದರೆಯಿಲ್ಲ. ಉಪವಾಸ ಕಡ್ಡಾಯವಲ್ಲ. ಆದರೆ ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುವ ಹಾರ್ಮೋನಾದ್ದರಿಂದ, ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ, ಬೆಳಗಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರಕ್ತ ಕೊಟ್ಟರೆ ಹಳೆಯ ವರದಿಯೊಂದಿಗೆ ನ್ಯಾಯವಾಗಿ ಹೋಲಿಸಬಹುದು.

ಪ್ರಶ್ನೆ: ಕೂದಲು ಉದುರುತ್ತದೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದೇನೆ. ಅದರಿಂದ ತೊಂದರೆಯೇ?

ದೇಹಕ್ಕೆ ತೊಂದರೆಯಿಲ್ಲ, ವರದಿಗೆ ತೊಂದರೆ. ಅನೇಕ ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ನೇ ಒಂದು ಕೊಂಡಿಯಾಗಿ ಕೆಲಸ ಮಾಡುತ್ತದೆ. ರಕ್ತದಲ್ಲಿ ಅದು ವಿಪರೀತ ಇದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆಯೂ ಫ್ರೀ ಟಿ4 ಸುಳ್ಳಾಗಿ ಹೆಚ್ಚೂ ಕಾಣಬಹುದು. ನೋಡಿದವರಿಗೆ ಮಾತ್ರೆ ಹೆಚ್ಚಾಗಿದೆ ಅನ್ನಿಸುತ್ತದೆ. ಕೂದಲಿನ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಬಯೋಟಿನ್ ಇರುವುದುಂಟು, ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ ಮಾತ್ರ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸಿ, ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರೆ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿ. ಥೈರಾಯ್ಡ್ ಕೊರತೆಯಿಂದ ಕೂದಲು ಉದುರುವವರೇ ಬಯೋಟಿನ್ ಹುಡುಕಿಕೊಂಡು ಹೋಗುವುದರಿಂದ ಈ ಎಚ್ಚರಿಕೆ ಬೇರೆಯವರಿಗಿಂತ ಅವರಿಗೇ ಹೆಚ್ಚು ಬೇಕು.

ಪ್ರಶ್ನೆ: ಒಂದು ದಿನ ಮಾತ್ರೆ ಮರೆತರೆ?

ಅದೇ ದಿನ ನೆನಪಾದರೆ ಹೊಟ್ಟೆ ಬರಿದಾಗಿರುವ ಹೊತ್ತು ನೋಡಿ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಎಂದಿನಂತೆ ಒಂದನ್ನೇ ಮುಂದುವರಿಸಿ. ಔಷಧ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಒಂದು ದಿನದ ಲೋಪದಿಂದ ಅನಾಹುತವಿಲ್ಲ. ಮರೆತದ್ದನ್ನೆಲ್ಲ ಒಟ್ಟಿಗೆ ನುಂಗುವುದು, ಅದರಲ್ಲೂ ಹೃದಯದ ಕಾಯಿಲೆ ಇರುವವರು, ವೈದ್ಯರು ಹೇಳದೆ ಮಾಡಬಾರದು.

ಪ್ರಶ್ನೆ: ನಾನು ಗರ್ಭಿಣಿ. ಮಾತ್ರೆಯಿಂದ ಮಗುವಿಗೆ ತೊಂದರೆಯಾದೀತೆಂದು ನಿಲ್ಲಿಸಬೇಕೆಂದುಕೊಂಡಿದ್ದೇನೆ.

ದಯವಿಟ್ಟು ನಿಲ್ಲಿಸಬೇಡಿ. ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯ್ಡ್ ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಅದರ ಮೆದುಳಿನ ಬೆಳವಣಿಗೆ ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ಮಾತ್ರೆಯಲ್ಲಿರುವುದು ದೇಹವೇ ತಯಾರಿಸಬೇಕಾಗಿದ್ದ ಹಾರ್ಮೋನು, ಹೊರಗಿನ ವಸ್ತುವಲ್ಲ. ಗರ್ಭಾವಸ್ಥೆಯಲ್ಲಿ ಅದರ ಅಗತ್ಯ ಕಡಿಮೆಯಾಗುವುದಿಲ್ಲ, ಸಾಮಾನ್ಯವಾಗಿ ನೂರಕ್ಕೆ 25ರಿಂದ 30ರಷ್ಟು ಏರುತ್ತದೆ. ಆದ್ದರಿಂದ ಮುಟ್ಟು ತಪ್ಪಿ ಗರ್ಭ ಖಚಿತವಾದ ಕೂಡಲೇ, ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ತೆಗೆದುಕೊಳ್ಳುವಂತೆ ಅನೇಕ ವೈದ್ಯರು ಮೊದಲೇ ಹೇಳಿ ಕಳುಹಿಸಿರುತ್ತಾರೆ. ಮಗು ಬೇಕೆಂದು ಯೋಚಿಸುತ್ತಿರುವಾಗಲೇ ಈ ವಿಷಯ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಮಾತ್ರೆ ತೆಗೆದುಕೊಳ್ಳುತ್ತಿರುವ ಗರ್ಭಿಣಿಯರ ಟಿಎಸ್‌ಎಚ್ 2.5ರ ಒಳಗಿರಲಿ ಎಂಬುದು ಸಾಮಾನ್ಯ ಗುರಿ. ಅರ್ಧ ಗರ್ಭಾವಧಿಯವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ, ಆಮೇಲೆ 30ನೇ ವಾರದ ಸುಮಾರಿಗೆ ಒಮ್ಮೆ ಪರೀಕ್ಷಿಸುತ್ತಾರೆ. ಹೆರಿಗೆಯಾದ ಮೇಲೆ ಬಹುತೇಕ ಹಳೆಯ ಪ್ರಮಾಣಕ್ಕೆ ಮರಳಿ, ಆರು ವಾರಕ್ಕೆ ಮತ್ತೊಮ್ಮೆ ನೋಡುತ್ತಾರೆ. ಎದೆಹಾಲು ಕೊಡುವಾಗಲೂ ಮಾತ್ರೆ ಮುಂದುವರಿಯಬೇಕು.

ತೊಡಕಿರುವುದು ಇನ್ನೊಂದು ಕಡೆ. ಗರ್ಭಿಣಿಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ 60 ಮಿಲಿಗ್ರಾಂ ಕಬ್ಬಿಣಾಂಶವಿರುವ ಮಾತ್ರೆ ಮತ್ತು ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಮೂರನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಿದರೆ, ಹಾರ್ಮೋನು ಅತಿ ಹೆಚ್ಚು ಬೇಕಾದ ಕಾಲದಲ್ಲೇ ಅದು ಒಳಗೆ ಸೇರದೆ ಹೋಗುತ್ತದೆ. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಒಂದು ಕ್ಯಾಲ್ಸಿಯಂ ಮಧ್ಯಾಹ್ನದ ಊಟದೊಂದಿಗೆ, ಇನ್ನೊಂದು ರಾತ್ರಿಯ ಊಟದೊಂದಿಗೆ, ಕಬ್ಬಿಣಾಂಶದ್ದು ಅವೆರಡರ ನಡುವೆ ಸಂಜೆಗೆ: ಹೀಗೆ ಹಂಚಿಕೊಳ್ಳಬಹುದು. ಯಾವುದನ್ನೂ ಬಿಡಬೇಕಾಗಿಲ್ಲ. ತಾಯಿ ಕಾರ್ಡಿನಲ್ಲಿ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನೂ ಬರೆಸಿ, ಆಶಾ ಕಾರ್ಯಕರ್ತೆಗೂ ತಿಳಿಸಿಡಿ.

ಪ್ರಶ್ನೆ: ಟಿಎಸ್‌ಎಚ್ ಸಹಜವಾಗಿದೆ, ಆದರೂ ಸುಸ್ತು, ತೂಕ ಇಳಿಯುತ್ತಿಲ್ಲ. ಮಾತ್ರೆ ಸ್ವಲ್ಪ ಏರಿಸಿದರೆ ಆಗದೇ?

ಸುಸ್ತು ನಿಜ, ಅದನ್ನು ಯಾರೂ ತಳ್ಳಿಹಾಕಬಾರದು. ಆದರೆ ಟಿಎಸ್‌ಎಚ್ ಸರಿಯಿರುವಾಗ ಕಾರಣವನ್ನು ಬೇರೆ ಕಡೆ ಹುಡುಕಬೇಕು: ರಕ್ತಹೀನತೆ, ವಿಟಮಿನ್ ಬಿ12 ಮತ್ತು ಡಿ ಕೊರತೆ, ಸಕ್ಕರೆ ಕಾಯಿಲೆ, ಗೊರಕೆಯಿಂದ ಕೆಡುವ ನಿದ್ರೆ, ಖಿನ್ನತೆ. ಥೈರಾಯ್ಡನ್ನು ಹಾಳುಮಾಡುವ ಹಾಶಿಮೊಟೊ ಎಂಬ ಸ್ವಯಂ ನಿರೋಧಕ ಕಾಯಿಲೆ ಇರುವ ಕೆಲವರಲ್ಲಿ ಬಿ12 ಹೀರಿಕೊಳ್ಳುವ ತೊಂದರೆಯೂ ಜೊತೆಗಿರುತ್ತದೆ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋಗಳಷ್ಟು, ಅದರಲ್ಲೂ ಹೆಚ್ಚಿನದು ಉಪ್ಪುನೀರಿನ ಅಂಶ. ತೂಕ ಇಳಿಸಲೆಂದು ಹಾರ್ಮೋನು ಹೆಚ್ಚಿಸಿಕೊಳ್ಳುವುದು ಅಪಾಯಕರ: ಟಿಎಸ್‌ಎಚ್ ದೀರ್ಘಕಾಲ 0.1ಕ್ಕಿಂತ ಕೆಳಗಿದ್ದರೆ ಹೃದಯದ ಲಯ ತಪ್ಪುವ, ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಸವೆಯುವ ಸಾಧ್ಯತೆ ಹೆಚ್ಚುತ್ತದೆ. ಕೆಲವು ಥೈರಾಯ್ಡ್ ಕ್ಯಾನ್ಸರ್‌ಗಳ ನಂತರ ವೈದ್ಯರು ಬೇಕೆಂದೇ ಟಿಎಸ್‌ಎಚ್ ತಗ್ಗಿಸಿಡುತ್ತಾರೆ. ಅವರ ಲೆಕ್ಕ ಬೇರೆ.

ಪ್ರಶ್ನೆ: ನಮ್ಮ ತಾಯಿಗೆ 74 ವರ್ಷ, ಟಿಎಸ್‌ಎಚ್ 6.5, ಫ್ರೀ ಟಿ4 ಸಹಜ. ಮಾತ್ರೆ ಶುರುಮಾಡಲೇಬೇಕೇ?

ಅನೇಕ ಬಾರಿ ಬೇಕಾಗುವುದಿಲ್ಲ. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. 65 ದಾಟಿದ, ಇಂಥದೇ ಸೌಮ್ಯ ಏರಿಕೆ ಇದ್ದ 737 ಮಂದಿಯ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ಪಡೆದವರ ಸುಸ್ತಾಗಲಿ ಇತರ ಲಕ್ಷಣಗಳಾಗಲಿ ಖಾಲಿ ಮಾತ್ರೆ ಪಡೆದವರಿಗಿಂತ ಉತ್ತಮಗೊಳ್ಳಲಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ ನೋಡುವುದು ಸೂಕ್ತ. ಟಿಎಸ್‌ಎಚ್ 10 ದಾಟಿ ಅಲ್ಲೇ ನಿಂತರೆ ಚಿಕಿತ್ಸೆಯ ಯೋಚನೆ ಮಾಡುತ್ತಾರೆ.

ಪ್ರಶ್ನೆ: ಆಂಟಿ ಟಿಪಿಒ ಪರೀಕ್ಷೆಯನ್ನು ಪ್ರತಿ ಬಾರಿ ಮಾಡಿಸಬೇಕೇ?

ಬೇಡ. ಇದು ದೇಹವೇ ಥೈರಾಯ್ಡಿನ ವಿರುದ್ಧ ತಯಾರಿಸುವ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆ, ಕಾರಣ ತಿಳಿಯಲು ಒಮ್ಮೆ ಮಾಡಿಸಿದರೆ ಸಾಕು. ಆ ಸಂಖ್ಯೆ ಏರಿದರೂ ಇಳಿದರೂ ಮಾತ್ರೆಯ ಪ್ರಮಾಣ ಬದಲಾಗುವುದಿಲ್ಲ.

ಪ್ರಶ್ನೆ: ಎಲೆಕೋಸು, ಹೂಕೋಸು, ಅಯೋಡಿನ್ ಉಪ್ಪು ಬಿಡಬೇಕೇ?

ಬೇಯಿಸಿದ ಕೋಸನ್ನು ಮಿತವಾಗಿ ತಿನ್ನಬಹುದು. ಅಯೋಡಿನ್ ಉಪ್ಪನ್ನು ಬಿಡಬೇಡಿ, ಮನೆಯಲ್ಲಿ ಮಕ್ಕಳು ಮತ್ತು ಗರ್ಭಿಣಿಯರಿದ್ದರಂತೂ ಅದು ಬೇಕೇ ಬೇಕು. ಸೋಯಾ ತಿನ್ನುವವರು ಮಾತ್ರೆಯಿಂದ ದೂರದ ಹೊತ್ತಿಗೆ ತಿನ್ನಲಿ.

ಪ್ರಶ್ನೆ: ವರದಿ ನಾರ್ಮಲ್ ಬಂದಿದೆ. ಇನ್ನು ಮಾತ್ರೆ ನಿಲ್ಲಿಸಬಹುದೇ?

ವರದಿ ಸಹಜವಾಗಿರುವುದು ಮಾತ್ರೆಯಿಂದಲೇ. ಹಾಶಿಮೊಟೊದಿಂದ ಅಥವಾ ಶಸ್ತ್ರಚಿಕಿತ್ಸೆಯಿಂದ ಬಂದ ಕೊರತೆಗೆ ಜೀವನಪರ್ಯಂತ ಮಾತ್ರೆ ಬೇಕು. ಹೆರಿಗೆಯ ನಂತರ ಅಥವಾ ಗ್ರಂಥಿಯ ಉರಿಯೂತದಿಂದ ಬಂದ ಕೊರತೆ ಕೆಲವರಲ್ಲಿ ತಾನೇ ಹೋಗುತ್ತದೆ. ಯಾರದು ಯಾವ ಬಗೆಯದೆಂದು ವೈದ್ಯರೇ ನಿರ್ಧರಿಸಬೇಕು. ಬೇರಿನಿಂದ ಗುಣಪಡಿಸುತ್ತೇವೆ ಎಂಬ ಜಾಹೀರಾತು ನಂಬಿ ಮಾತ್ರೆ ಬಿಟ್ಟವರು ತಿಂಗಳುಗಳ ನಂತರ ಮುಖ ಊದಿಸಿಕೊಂಡು ಮರಳುವುದನ್ನು ಕಂಡಾಗ ಬಹಳ ನೋವಾಗುತ್ತದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಇಂಥ ಒಬ್ಬ ಮಹಿಳೆಯನ್ನು ಉಳಿಸಿದರು. ಚಿಕಿತ್ಸೆ ಮುಂದುವರಿಸಿದ ಆಕೆ ಆಮೇಲೆ 28 ವರ್ಷ ಬದುಕಿದರು. ಅಲ್ಲಿಯವರೆಗೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಅಶ್ವಗಂಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅದು ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದು.

ಪ್ರಶ್ನೆ: ಮಾತ್ರೆಯನ್ನು ಎಲ್ಲಿಡಬೇಕು?

ಅದು ಬಂದ ಡಬ್ಬಿಯಲ್ಲೇ, ಮುಚ್ಚಳ ಬಿಗಿಯಾಗಿ ಮುಚ್ಚಿ, ಒಲೆ ಮತ್ತು ಬಚ್ಚಲುಮನೆಯಿಂದ ದೂರವಿಡಿ. ಶಾಖ, ಬೆಳಕು, ತೇವ ಮೂರೂ ಇದರ ಶಕ್ತಿಯನ್ನು ಕುಂದಿಸುತ್ತವೆ; ಕಲಬುರಗಿಯ ಬೇಸಿಗೆಯಲ್ಲೂ ಕರಾವಳಿಯ ಮಳೆಗಾಲದಲ್ಲೂ ಈ ಕಾಳಜಿ ಹೆಚ್ಚು ಬೇಕು.

ಪ್ರಶ್ನೆ: ಟಿಎಸ್‌ಎಚ್ ಒಂದನ್ನೇ ನೋಡಿದರೆ ಸಾಲದ ಸಂದರ್ಭಗಳಿವೆಯೇ?

ಇವೆ. ತೊಂದರೆ ಥೈರಾಯ್ಡಿನಲ್ಲಿರದೆ ಪಿಟ್ಯುಟರಿಯಲ್ಲೇ ಇದ್ದರೆ ಟಿಎಸ್‌ಎಚ್ ಏರುವುದೇ ಇಲ್ಲ, ಸಹಜವಾಗಿದೆಯೆಂದೇ ತೋರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ಆಮೇಲೆ ಎದೆಹಾಲು ಬಾರದೆ, ಮುಟ್ಟು ಮರಳದೆ, ವರ್ಷಗಟ್ಟಲೆ ಸುಸ್ತಿನಿಂದ ನರಳುವ ಮಹಿಳೆಯರಲ್ಲಿ ಇದನ್ನು ಸಂಶಯಿಸಬೇಕು. ಅವರಿಗೆ ಫ್ರೀ ಟಿ4 ನೋಡಿಯೇ ಪ್ರಮಾಣ ನಿರ್ಧರಿಸುತ್ತಾರೆ, ಮತ್ತು ಥೈರಾಯ್ಡ್ ಮಾತ್ರೆಗೆ ಮೊದಲು ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್‌ನ ಕೊರತೆ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಆ ಕೊರತೆಯನ್ನು ಸರಿಪಡಿಸದೆ ಥೈರಾಕ್ಸಿನ್ ಕೊಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು.

ಪ್ರಶ್ನೆ: ಪರೀಕ್ಷೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಮಾತ್ರೆ ತೆಗೆದುಕೊಳ್ಳುವವರಿಗೆ ಎದೆನೋವು, ಲಯ ತಪ್ಪಿದ ವೇಗದ ಎದೆಬಡಿತ, ಉಸಿರಾಟದ ಕಷ್ಟ ಕಾಣಿಸಿಕೊಂಡರೆ. ಬಹುಕಾಲ ಮಾತ್ರೆ ಬಿಟ್ಟಿರುವವರು, ಮುಖ್ಯವಾಗಿ ಹಿರಿಯರು, ಮೈ ತಣ್ಣಗಾಗಿ ಮಂಪರಿನಲ್ಲಿ ಎಚ್ಚರಗೊಳ್ಳದಂತಾದರೆ. ಮಗುವೊಂದು ಆಟವಾಡುತ್ತಾ ಡಬ್ಬಿಯಿಂದ ಮಾತ್ರೆಗಳನ್ನು ನುಂಗಿದ್ದರೆ. ಈ ಕೊನೆಯ ಸಂದರ್ಭದಲ್ಲಿ ಮಗು ಆರಾಮಾಗಿ ಕಂಡರೂ ಹೋಗಲೇಬೇಕು, ಏಕೆಂದರೆ ಪರಿಣಾಮ ಕಾಣಿಸಿಕೊಳ್ಳಲು ಕೆಲವು ದಿನಗಳೇ ಹಿಡಿಯಬಹುದು. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.